ತಾರಸಿಯೇ ಪ್ರಯೋಗಶಾಲೆ, ಅಂಗಳವೇ ಮೈದಾನ

ಬೇಸಿಗೆ ರಜೆ ಎಂದರೆ ನಮ್ಮ ಮಕ್ಕಳಿಗೆ ಅಜ್ಜಿಯ ಊರು, ಮಾವಿನ ತೋಪು, ಕೆರೆ ಬಾವಿಗಳ ಈಜು, ಚೆಂಡು ಕಾಣದಷ್ಟು ಕತ್ತಲಾಗುವ ತನಕ ಕ್ರಿಕೆಟ್. 2020ರ ಬೇಸಿಗೆ ಇದಾವುದನ್ನೂ ಅವರಿಗೆ ಕೊಡಲಿಲ್ಲ. ಆ ವರ್ಷ ಮಾರ್ಚ್ ನಡುವಿನಲ್ಲೇ ರಾಜ್ಯದ ಶಾಲೆಗಳು ಬಾಗಿಲು ಹಾಕಿದವು. ಮಾರ್ಚ್ 25ರಿಂದ ಇಡೀ ದೇಶವೇ ಮನೆಯೊಳಗೆ ಕುಳಿತಿತು. 21 ದಿನವೆಂದು ಶುರುವಾದ ಲಾಕ್‌ಡೌನ್ ಮೇ ತಿಂಗಳ ಕೊನೆಯವರೆಗೂ ಬೆಳೆಯಿತು. ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಹೋಯಿತು. ಕೆಳಗಿನ ತರಗತಿಗಳ ಮಕ್ಕಳು ಪರೀಕ್ಷೆಯಿಲ್ಲದೆಯೇ ಮುಂದಿನ ತರಗತಿಗೆ ದಾಟಿದರು. ಮೊದಲ ವಾರ ಇದು ಅವರಿಗೆ ಹಬ್ಬವೇ ಆಗಿತ್ತು. ಎರಡನೆಯ ವಾರದಿಂದ ಮನೆಮನೆಯಲ್ಲೂ ಒಂದೇ ದೂರು: 'ಇವರನ್ನು ಸುಧಾರಿಸುವುದು ಹೇಗೆ ಮೇಷ್ಟ್ರೇ?'

ವಿಜ್ಞಾನ ಹೇಳಿಕೊಡುವ ನನ್ನಂಥವರ ಬಳಿ ಈ ಪ್ರಶ್ನೆಗೆ ಮಂತ್ರದಂಡವೇನೂ ಇರಲಿಲ್ಲ. ಆದರೆ ಆ ಬೇಸಿಗೆಯಲ್ಲಿ ಫೋನಿನ ಮೂಲಕ ಬಂದ ಮಕ್ಕಳ ಮಾತು ಕೇಳುತ್ತಾ ಒಂದು ಸಂಗತಿ ಸ್ಪಷ್ಟವಾಯಿತು. ಬೇಸರವೆಂದು ಗೋಳಾಡುತ್ತಿದ್ದ ಮಕ್ಕಳೆಲ್ಲ ಆಟದ ಸಾಮಾನು ಇಲ್ಲದವರಲ್ಲ. ಕೆಲವರ ಮನೆಯಲ್ಲಿ ಕಪಾಟು ತುಂಬ ಆಟಿಕೆಗಳಿದ್ದವು. ಬೇಸರವಿಲ್ಲದೆ ದಿನ ಕಳೆಯುತ್ತಿದ್ದವರಿಗೆ ಎರಡು ಅನುಕೂಲಗಳಿದ್ದವು. ನಾಲ್ಕಾರು ದಿನ ಬೆನ್ನು ಹತ್ತಬಹುದಾದ ಒಂದು ಪ್ರಶ್ನೆ ಮತ್ತು ದಿನಕ್ಕೆ ಅರ್ಧ ಗಂಟೆಯಾದರೂ ಪಕ್ಕದಲ್ಲಿ ಕೂರುವ ಒಬ್ಬ ಹಿರಿಯರು. ಇವೆರಡಕ್ಕೂ ಅಂಗಡಿ ತೆರೆದಿರಬೇಕಾಗಿಲ್ಲ.

ರೋಗಕ್ಕೆ ಹೆದರಿ ಜನ ಬದುಕಿನ ಕ್ರಮವನ್ನೇ ಬದಲಿಸಿದ್ದು ಅದೇ ಮೊದಲಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತ್ತು. ಆ ಕಾಲದಲ್ಲಿ ಇಲಿ ಬಿದ್ದಿತೆಂದರೆ ಜನ ಊರನ್ನೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಇನ್ನೂ ಹಿಂದೆ, 1665ರಲ್ಲಿ, ಇಂಗ್ಲೆಂಡಿನಲ್ಲಿ ಪ್ಲೇಗು ಹಬ್ಬಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುಚ್ಚಿದಾಗ ಐಸಾಕ್ ನ್ಯೂಟನ್ ತನ್ನ ಹಳ್ಳಿ ವುಲ್ಸ್‌ಥಾರ್ಪ್‌ಗೆ ಹಿಂದಿರುಗಿದ. ಬೆಳಕು, ಗುರುತ್ವ, ಹೊಸ ಗಣಿತ ಇವುಗಳ ಬಗ್ಗೆ ಆತ ಆಳವಾಗಿ ಯೋಚಿಸಿದ್ದು ಆ ಬಿಡುವಿನಲ್ಲಿ. ಈ ಕಥೆಯನ್ನು ಹೇಳಿ 'ನೀನೂ ನ್ಯೂಟನ್ ಆಗು' ಎಂದು ಮಕ್ಕಳ ಬೆನ್ನು ಹತ್ತಬೇಡಿ. ಆಗ ಆತನಿಗೆ 22 ವರ್ಷ, ಕೈಯಲ್ಲಿ ಪದವಿ ಇತ್ತು. ನಮ್ಮ ಮಕ್ಕಳಿಗೆ ಬೇಕಾದದ್ದು ಅಷ್ಟು ದೊಡ್ಡದಲ್ಲ. ದಿನ ಬೆಳಗಾದರೆ 'ಇವತ್ತು ಏನಾಗಿದೆಯೋ ನೋಡೋಣ' ಎಂದು ಹಾಸಿಗೆಯಿಂದ ಏಳಿಸುವ ಒಂದು ಕಾರಣ ಸಾಕು. ಅಂಥ ಕೆಲವು ಕಾರಣಗಳನ್ನು ಇಲ್ಲಿ ಕೊಟ್ಟಿದ್ದೇನೆ. ಆ ಬೇಸಿಗೆಗೆ ಹೊಂದಿದ ಇವು ಯಾವ ಬೇಸಿಗೆಗೂ ಆಗುತ್ತವೆ.

ಚೌಕಾಬಾರದಲ್ಲಿ ಗಣಿತ

ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಆಟ ಇವು ಅಜ್ಜಿಯರ ಕಾಲದವು ಎಂದು ಅಟ್ಟ ಸೇರಿದ್ದವು. 2020ರಲ್ಲಿ ಎಷ್ಟೋ ಮನೆಗಳಲ್ಲಿ ಕೆಳಗಿಳಿದವು. ಚೌಕಾಬಾರಕ್ಕೆ ಬೇಕಾದದ್ದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಐದು ಅಡ್ಡ, ಐದು ಉದ್ದ, ಒಟ್ಟು 25 ಮನೆಗಳು. ಕವಡೆ ಇಲ್ಲವೆಂದರೆ ಹುಣಿಸೆ ಬೀಜವನ್ನು ಕಲ್ಲಿನ ಮೇಲೆ ಉಜ್ಜಿ ಒಂದು ಮೈ ಬೆಳ್ಳಗೆ ಮಾಡಿಕೊಂಡರಾಯಿತು. ನಾಲ್ಕು ಬೀಜಗಳು ಸಾಕು.

ಮಕ್ಕಳೇ, ಆಟವಾಡಿ ದಣಿದ ಮೇಲೆ ಈ ಬೀಜಗಳನ್ನೇ ಇಟ್ಟುಕೊಂಡು ಒಂದು ಲೆಕ್ಕ ನೋಡಿ. ಪ್ರತಿ ಬೀಜಕ್ಕೂ ಎರಡು ಮುಖ, ಬಿಳಿ ಮತ್ತು ಕಪ್ಪು. ನಾಲ್ಕು ಬೀಜಗಳು ಬೀಳಬಹುದಾದ ರೀತಿಗಳು ಎರಡನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 16. ಇವುಗಳಲ್ಲಿ ಒಂದೇ ಬಿಳಿ ಬೀಳುವುದು 4 ರೀತಿ, ಎರಡು ಬಿಳಿ 6 ರೀತಿ, ಮೂರು ಬಿಳಿ 4 ರೀತಿ. ನಾಲ್ಕೂ ಬಿಳಿಯಾಗುವ ಚೌಕ ಒಂದೇ ರೀತಿ. ನಾಲ್ಕೂ ಕಪ್ಪಾಗಿ ಎಂಟು ಸಿಗುವ ಬಾರ ಕೂಡ ಒಂದೇ ರೀತಿ. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಆಟ ಕೊಡುವ ನಿಯಮ ಏಕೆ ಬಂತೆಂದು ಈಗ ಹೊಳೆಯಿತೆ? ಅವು ಅಪರೂಪ, ಅದಕ್ಕೆ ಆ ಮರ್ಯಾದೆ.

ನಂಬಿಕೆ ಬರಲಿಲ್ಲವೆ? 160 ಸಲ ಎಸೆದು ಪುಸ್ತಕದಲ್ಲಿ ಗೆರೆ ಹಾಕುತ್ತಾ ಹೋಗಿ. ಎರಡು ಸುಮಾರು 60 ಸಲ, ಒಂದು ಮತ್ತು ಮೂರು ಸುಮಾರು 40 ಸಲ, ಚೌಕ ಮತ್ತು ಬಾರ ಸುಮಾರು 10 ಸಲ ಬರಬೇಕು. ಸರಿಯಾಗಿ ಅಷ್ಟೇ ಬರುವುದಿಲ್ಲ. ತೀರಾ ಬೇರೆಯಾಗಿ ಬಂದರೆ ಬೀಜಗಳನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಮೈ ಹೆಚ್ಚು ಸವೆದಿರಬಹುದು, ಒಂದು ಬೀಜ ವಾಲಿ ಬೀಳುತ್ತಿರಬಹುದು. ಕವಡೆಯಲ್ಲಿ ಮಾಡಿದರೆ ಲೆಕ್ಕ ಇನ್ನೂ ಬೇರೆ, ಏಕೆಂದರೆ ಕವಡೆಯ ಬೆನ್ನೂ ಬಾಯಿಯೂ ಒಂದೇ ತೆರನಲ್ಲ. ಸಂಭವನೀಯತೆ ಎಂಬ ಪಾಠವನ್ನು ಪ್ರೌಢಶಾಲೆಯಲ್ಲಿ ನಾಣ್ಯ, ದಾಳ ಹಿಡಿದು ಹೇಳಿಕೊಡುತ್ತೇವೆ. ಅದು ಅಜ್ಜಿಯ ಸೆರಗಿನ ಗಂಟಿನಲ್ಲೇ ಇತ್ತು.

ಅಡುಗೆಮನೆಯ ಬಣ್ಣಗಳು

ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೀಳುತ್ತಲೇ ಅದು ಕೆಂಪಗೆ ಓಕುಳಿಯಾಗುವುದನ್ನು ನೀವೆಲ್ಲ ನೋಡಿದ್ದೀರಿ. ಅರಿಶಿನ ಒಂದು ಸೂಚಕ. ಪ್ರತ್ಯಾಮ್ಲ ತಾಗಿದರೆ ಕೆಂಪಾಗುತ್ತದೆ. ಸುಣ್ಣ ಕಣ್ಣಿಗೆ ಅಪಾಯ, ಆದ್ದರಿಂದ ಮಕ್ಕಳು ಸಾಬೂನಿನ ನೀರಿನಲ್ಲಿ ಇದನ್ನು ಮಾಡಲಿ. ಕೆಂಪಾದ ನೀರಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಬಿಳಿ ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿ, ಸಾಬೂನಿನ ನೀರಿನಲ್ಲಿ ಅದ್ದಿದ ಕಡ್ಡಿಯಿಂದ ಬರೆದರೆ ಕೆಂಪು ಅಕ್ಷರಗಳು ಮೂಡುತ್ತವೆ. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಬಣ್ಣ ಇನ್ನೂ ಸೊಗಸು. ಅದು ನಿಂಬೆರಸಕ್ಕೆ ಗಾಢ ಕೆಂಪಾದರೆ, ಅಡುಗೆ ಸೋಡಾಕ್ಕೆ ಹಸಿರಾಗುತ್ತದೆ. ಮಜ್ಜಿಗೆ, ಹುಣಿಸೆ ರಸ, ಬಟ್ಟೆ ಸೋಪಿನ ಪುಡಿ, ಉಪ್ಪಿನ ನೀರು ಹೀಗೆ ಹತ್ತು ಪದಾರ್ಥಗಳನ್ನು ಪರೀಕ್ಷಿಸಿ ಪಟ್ಟಿ ಮಾಡಲು ಒಂದು ಮಧ್ಯಾಹ್ನ ಬೇಕು. ಮೊದಲು ಊಹೆ ಬರೆಯಬೇಕು, ಆಮೇಲೆ ಪ್ರಯೋಗ. ಇದೊಂದು ನಿಯಮ ಬಿಡಬೇಡಿ.

2020ರಲ್ಲಿ ಇನ್ನೊಂದು ಪ್ರಯೋಗ ಎಲ್ಲ ಮನೆಗಳಲ್ಲೂ ನಡೆಯಿತು. ತಟ್ಟೆಯ ನೀರಿನ ಮೇಲೆ ಕರಿಮೆಣಸಿನ ಪುಡಿ ಉದುರಿಸಿ, ಸಾಬೂನು ಹಚ್ಚಿದ ಬೆರಳನ್ನು ನಡುವೆ ಅದ್ದಿದರೆ ಪುಡಿ ಅಂಚಿಗೆ ಓಡುತ್ತದೆ. 'ನೋಡು, ವೈರಸ್ ಹೀಗೇ ಓಡಿಹೋಗುತ್ತದೆ' ಎಂದು ಮಕ್ಕಳಿಗೆ ಹೇಳಿದ್ದೂ ಆಯಿತು. ಕೈತೊಳೆಯುವ ಅಭ್ಯಾಸ ಬೆಳೆಯಿತು, ಸಂತೋಷ. ಆದರೆ ವಿವರಣೆ ಸರಿಯಿಲ್ಲ. ಪುಡಿ ಓಡುವುದು ಸಾಬೂನಿಗೆ ಹೆದರಿ ಅಲ್ಲ. ಸಾಬೂನು ಬಿದ್ದ ಜಾಗದಲ್ಲಿ ನೀರಿನ ಮೇಲ್ಮೈ ಸೆಳೆತ ಕಡಿಮೆಯಾಗುತ್ತದೆ. ಅಂಚಿನ ನೀರಿನ ಸೆಳೆತ ಹಾಗೆಯೇ ಇರುವುದರಿಂದ ಅದು ಪುಡಿಯ ಸಮೇತ ಮೇಲ್ಪದರವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಕೊರೊನಾ ವೈರಸ್ಸಿಗೆ ಸಾಬೂನು ಮಾಡುವ ಕೆಲಸವೇ ಬೇರೆ. ಆ ವೈರಸ್ಸಿನ ಹೊರಗವಚ ಜಿಡ್ಡಿನದು. ಎಣ್ಣೆ ಪಾತ್ರೆಯ ಜಿಡ್ಡನ್ನು ಬಿಡಿಸುವಂತೆಯೇ ಸಾಬೂನು ಈ ಕವಚವನ್ನೂ ಒಡೆಯುತ್ತದೆ. ಕವಚ ಒಡೆದ ವೈರಸ್ ಕೆಲಸಕ್ಕೆ ಬಾರದು. ಅದಕ್ಕೆ ಸ್ವಲ್ಪ ಹೊತ್ತು ಬೇಕು, ಆದ್ದರಿಂದಲೇ 20 ಸೆಕೆಂಡು ಉಜ್ಜಿ ತೊಳೆಯಿರಿ ಎನ್ನುವುದು. ಮಗುವಿಗೆ ಸುಲಭವಾಗಲಿ ಎಂದು ಹೇಳುವ ವಿವರಣೆ ಸುಳ್ಳಾಗಬಾರದು. ಇಂದಲ್ಲ ನಾಳೆ ಅದು ಮರುಪ್ರಶ್ನೆ ಕೇಳಿಯೇ ಕೇಳುತ್ತದೆ.

ಹಪ್ಪಳ ಸಂಡಿಗೆಯ ಕಾಲವೂ ಬೇಸಿಗೆಯೇ. ತಾರಸಿಯ ಮೇಲೆ ಕಾಗೆ ಕಾಯುವ ಕೆಲಸ ಮಕ್ಕಳದ್ದೇ ಆಗಿರಲಿ. ಕೂತಲ್ಲೇ ಒಂದು ಕೆಲಸ ಕೊಡಿ. ಹಾಕುವಾಗ ಹತ್ತು ಸಂಡಿಗೆಯ ತೂಕ ಎಷ್ಟು, ಮರುದಿನ ಎಷ್ಟು, ಗರಿಗರಿಯಾಗಿ ಒಣಗಿದ ಮೇಲೆ ಎಷ್ಟು? ಅಡುಗೆಮನೆಯ ಪುಟ್ಟ ತಕ್ಕಡಿ ಸಾಕು. ಕಳೆದುಹೋದ ತೂಕವೆಲ್ಲ ಆವಿಯಾದ ನೀರು. ನೆರಳಿನಲ್ಲಿ ಇನ್ನೊಂದು ತಟ್ಟೆ ಇಟ್ಟು ಹೋಲಿಸಿದರೆ ಬಿಸಿಲಿನ ಪಾಲೆಷ್ಟು, ಗಾಳಿಯ ಪಾಲೆಷ್ಟು ಎಂಬ ಚರ್ಚೆ ಶುರುವಾಗುತ್ತದೆ. ಅಜ್ಜಿಯೂ ಅದರಲ್ಲಿ ಭಾಗವಹಿಸುತ್ತಾರೆ. ಈ ವಿಷಯದಲ್ಲಿ ಅವರ ಅನುಭವ ನಮ್ಮೆಲ್ಲರಿಗಿಂತ ದೊಡ್ಡದು.

ಒಂದು ಎಚ್ಚರಿಕೆ. ಒಲೆ, ಬ್ಲೀಚಿಂಗ್ ಪುಡಿ, ಫಿನಾಯಿಲ್, ಕೈಗೆ ಹಚ್ಚುವ ಸ್ಯಾನಿಟೈಸರ್ ಇವು ಮಕ್ಕಳ ಪ್ರಯೋಗಕ್ಕೆ ಬರಕೂಡದು. ಸ್ಯಾನಿಟೈಸರ್‌ನಲ್ಲಿರುವ ಆಲ್ಕೊಹಾಲ್‌ಗೆ ಬೆಂಕಿ ತಟ್ಟನೆ ಹತ್ತುತ್ತದೆ, ಹಗಲಿನಲ್ಲಿ ಆ ಜ್ವಾಲೆ ಕಣ್ಣಿಗೂ ಸರಿಯಾಗಿ ಕಾಣದು.

ನೆರಳು ಹಿಡಿದು ಭೂಮಿ ಅಳೆಯುವುದು

ಹೊರಗೆ ಹೋಗಬಾರದೆಂದ ಮಾತ್ರಕ್ಕೆ ಆಕಾಶಕ್ಕೇನೂ ಬೀಗ ಬಿದ್ದಿರಲಿಲ್ಲ. ವಾಹನಗಳೂ ಕಾರ್ಖಾನೆಗಳೂ ನಿಂತು ಗಾಳಿ ತಿಳಿಯಾಗಿತ್ತು. ಪಂಜಾಬಿನ ಜಲಂಧರದಿಂದ ಹಿಮಾಲಯದ ಧೌಲಾಧಾರ್ ಶ್ರೇಣಿ ಕಂಡಿತೆಂದು ಆ ಏಪ್ರಿಲ್‌ನಲ್ಲಿ ಪತ್ರಿಕೆಗಳು ಚಿತ್ರ ಸಮೇತ ಬರೆದವು. ಸಂಜೆ ಪಶ್ಚಿಮದಲ್ಲಿ ಶುಕ್ರ ಹೊಳೆಯುತ್ತಿತ್ತು. ಏಪ್ರಿಲ್ ಮೊದಲ ವಾರ ಅದು ಕೃತ್ತಿಕೆಯ ನಕ್ಷತ್ರಗಳ ಮಗ್ಗುಲಿನಲ್ಲೇ ಹಾದುಹೋಯಿತು. ಬೆಳಗಿನ ಜಾವ ಎದ್ದವರಿಗೆ ಗುರು, ಶನಿ, ಮಂಗಳ ಮೂವರೂ ಕಾಣುತ್ತಿದ್ದರು.

ಹಗಲಿನ ಆಟಕ್ಕೆ ಒಂದು ಕೋಲು ಸಾಕು. ಕರ್ನಾಟಕದ ಯಾವ ಊರಿನಲ್ಲೇ ಇರಿ, ವರ್ಷದಲ್ಲಿ ಎರಡು ದಿನ ನಡುಹಗಲು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರದು. ಇದು ಶೂನ್ಯ ನೆರಳಿನ ದಿನ. ಬೆಂಗಳೂರು, ಮಂಗಳೂರುಗಳಲ್ಲಿ ಅದು ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು. ಮೈಸೂರಿಗೆ ಏಪ್ರಿಲ್‌ನಲ್ಲಿ ಒಂದೆರಡು ದಿನ ಮೊದಲು, ಹುಬ್ಬಳ್ಳಿಗೆ ಮೇ ಮೊದಲ ವಾರ, ಕಲಬುರಗಿಗೆ ಮೇ ಎರಡನೆಯ ವಾರ. ಸೂರ್ಯ ದಿನದಿಂದ ದಿನಕ್ಕೆ ಉತ್ತರಕ್ಕೆ ಸರಿಯುತ್ತಾ ಒಂದೊಂದೇ ಊರಿನ ನೆತ್ತಿಯನ್ನು ದಾಟಿಹೋಗುವುದನ್ನು ಭೂಪಟದ ಮೇಲೆ ಗುರುತು ಹಾಕಬಹುದು.

ಈಗ ನೆಂಟರನ್ನು ಫೋನಿನಲ್ಲಿ ಸೇರಿಸಿಕೊಳ್ಳಿ. ಬೆಂಗಳೂರಿನ ಮಗುವೊಂದು, ಮಂಗಳೂರಿನ ಚಿಕ್ಕಮ್ಮನ ಮಗನೊಬ್ಬ ಅದೇ ದಿನ ಕೋಲು ನೆಟ್ಟು ನೆರಳು ಮಾಯವಾಗುವ ಗಳಿಗೆ ಗುರುತಿಸಲಿ. ಬೆಂಗಳೂರಿನಲ್ಲಿ 12 ಗಂಟೆ 17 ನಿಮಿಷದ ಹೊತ್ತಿಗೆ ಆಗುವುದು ಮಂಗಳೂರಿನಲ್ಲಿ ಸುಮಾರು 11 ನಿಮಿಷ ತಡವಾಗಿ ಆಗುತ್ತದೆ. ಗಡಿಯಾರ ಎರಡೂ ಕಡೆ ಒಂದೇ, ಸೂರ್ಯನ ಮಧ್ಯಾಹ್ನ ಬೇರೆ. ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ ಎಂಬ ಪಾಠ ಇನ್ನು ಮರೆಯುವ ಮಾತೇ ಇಲ್ಲ.

ಕಲಬುರಗಿಯಲ್ಲಿ ನೆಂಟರಿದ್ದರೆ ಇನ್ನೂ ದೊಡ್ಡ ಕೆಲಸ ಮಾಡಬಹುದು. ಬೆಂಗಳೂರಿನಲ್ಲಿ ನೆರಳು ಶೂನ್ಯವಾದ ದಿನ ಕಲಬುರಗಿಯಲ್ಲಿ ಒಂದು ಮೀಟರ್ ಕೋಲಿನ ಅತಿ ಚಿಕ್ಕ ನೆರಳು ಏಳೂವರೆ ಸೆಂಟಿಮೀಟರಿನಷ್ಟಿರುತ್ತದೆ. ಕೋಲು, ನೆರಳುಗಳನ್ನು ಕಾಗದದ ಮೇಲೆ ಅಳತೆಗೆ ಸರಿಯಾಗಿ ಬರೆದು ಕೋನಮಾಪಕ ಇಟ್ಟರೆ ಸೂರ್ಯ ನೆತ್ತಿಯಿಂದ ನಾಲ್ಕು ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಸುಮಾರು 4.3 ಡಿಗ್ರಿ, ವಾಲಿರುವುದು ತಿಳಿಯುತ್ತದೆ. ಎರಡೂ ಊರುಗಳ ನಡುವಿನ ನೇರ ಉತ್ತರ-ದಕ್ಷಿಣ ಅಂತರ ಭೂಪಟದಲ್ಲಿ ಸುಮಾರು 480 ಕಿಲೋಮೀಟರ್. 4.3 ಡಿಗ್ರಿಗೆ 480 ಕಿಲೋಮೀಟರ್ ಆದರೆ ಪೂರ್ತಿ ಸುತ್ತಿನ 360 ಡಿಗ್ರಿಗೆ ಎಷ್ಟು? ಗುಣಿಸಿ ಭಾಗಿಸಿ, 40 ಸಾವಿರ ಕಿಲೋಮೀಟರಿನ ಆಸುಪಾಸು ಬರುತ್ತದೆ. ಅದೇ ಭೂಮಿಯ ಸುತ್ತಳತೆ! ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಗ್ಸಾಂಡ್ರಿಯಾದಲ್ಲಿ ಎರಟೋಸ್ತನೀಸ್ ಮಾಡಿದ್ದೂ ಇದನ್ನೇ. ಹೊಸ್ತಿಲು ದಾಟಲಾರದ ಬೇಸಿಗೆಯಲ್ಲಿ ಇಬ್ಬರು ಮಕ್ಕಳು ಭೂಮಿಯ ಸುತ್ತಳತೆ ಕಂಡುಹಿಡಿಯುವುದೆಂದರೆ ಸಣ್ಣ ಸಂಭ್ರಮವೆ?

ತಾರಸಿಯೇ ಇಲ್ಲದ ಮನೆಗೂ ಒಂದು ಉಪಾಯವಿದೆ. ಪುಟ್ಟ ಕನ್ನಡಿಗೆ ಕಾಗದ ಸುತ್ತಿ, ಕಾಗದದ ನಡುವೆ ಹುರುಳಿಕಾಳಿನಷ್ಟು ತೂತು ಮಾಡಿ. ಕಿಟಕಿಯ ಬಿಸಿಲಿಗೆ ಇಟ್ಟು ಬೆಳಕನ್ನು ಕತ್ತಲ ಕೋಣೆಯ ಗೋಡೆಗೆ ಬೀಳಿಸಿ. ತೂತು ಯಾವ ಆಕಾರದಲ್ಲಿದ್ದರೂ ದೂರದ ಗೋಡೆಯ ಮೇಲೆ ಮೂಡುವುದು ದುಂಡನೆಯ ಸೂರ್ಯಬಿಂಬ. ಐದು ಮೀಟರ್ ದೂರದಲ್ಲಿ ಅದರ ಅಗಲ ನಾಲ್ಕೂವರೆ, ಐದು ಸೆಂಟಿಮೀಟರ್. ದೂರಕ್ಕೂ ಅಗಲಕ್ಕೂ ಇರುವ ಈ ಪ್ರಮಾಣವನ್ನೇ ಸೂರ್ಯನ 15 ಕೋಟಿ ಕಿಲೋಮೀಟರ್ ದೂರಕ್ಕೆ ಹಚ್ಚಿದರೆ ಸೂರ್ಯನ ಅಗಲ 14 ಲಕ್ಷ ಕಿಲೋಮೀಟರ್ ಎಂದು ಹತ್ತಿರ ಹತ್ತಿರ ಸಿಗುತ್ತದೆ. 2020ರ ಜೂನ್ 21ರ ಭಾನುವಾರ ಸೂರ್ಯಗ್ರಹಣವಾಯಿತು. ಉತ್ತರ ಭಾರತದ ಕೆಲವೆಡೆ ಕಂಕಣ, ನಮ್ಮಲ್ಲಿ ಪಾರ್ಶ್ವ. ಮೋಡವಿಲ್ಲದ ಊರುಗಳಲ್ಲಿ ಇದೇ ಕನ್ನಡಿ ಗೋಡೆಯ ಮೇಲೆ ಕಚ್ಚಿದ ರೊಟ್ಟಿಯಂಥ ಸೂರ್ಯನನ್ನು ತೋರಿಸಿರಬೇಕು. ಕನ್ನಡಿಯೊಳಗೆ ಇಣುಕಿ ಸೂರ್ಯನನ್ನು ನೋಡುವುದಾಗಲಿ, ಬೆಳಕನ್ನು ಯಾರ ಕಣ್ಣಿಗಾದರೂ ಬಿಡುವುದಾಗಲಿ ಕೂಡದು.

ಅಂಗಳದಲ್ಲಿ, ಅಂತರವಿಟ್ಟು

ಲಾಕ್‌ಡೌನ್ ಸಡಿಲವಾದ ಮೇಲೂ ಮಕ್ಕಳು ಗುಂಪು ಕೂಡುವಂತಿರಲಿಲ್ಲ. ಹಾಗಿದ್ದರೂ ಮೈಮುರಿದು ಆಡುವುದು ಬೆಳೆಯುವ ದೇಹಕ್ಕೆ ಊಟದಷ್ಟೇ ಅಗತ್ಯ. ಲಗೋರಿ, ಕಬಡ್ಡಿಗಳನ್ನು ಬದಿಗಿಟ್ಟು ಕುಂಟೆಬಿಲ್ಲೆ, ಹಗ್ಗದಾಟ, ಬುಗುರಿ ಇವುಗಳನ್ನು ಆಡಬಹುದಿತ್ತು. ಇವುಗಳಲ್ಲಿ ಒಬ್ಬರನ್ನೊಬ್ಬರು ಮುಟ್ಟಬೇಕಾಗಿಲ್ಲ, ಅವರವರ ಬಿಲ್ಲೆ ಅವರವರ ಕೈಯಲ್ಲೇ ಇರುತ್ತದೆ. ಹಗ್ಗದಾಟಕ್ಕೆ ಮುಂಚೆ ಮಣಿಕಟ್ಟಿನ ನಾಡಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ನೂರು ಸಲ ಜಿಗಿದ ಮೇಲೆ ಮತ್ತೆ ಎಣಿಸಿ. ಮೊದಲಿನಷ್ಟಕ್ಕೆ ಇಳಿಯಲು ಎಷ್ಟು ನಿಮಿಷ ಬೇಕಾಯಿತು? ಮೂರು ವಾರ ದಿನವೂ ಆಡಿದ ಮೇಲೆ ಆ ನಿಮಿಷಗಳು ಕಡಿಮೆಯಾದವೆ? ವ್ಯಾಯಾಮದ ಗುಣವನ್ನು ಮಗು ತನ್ನ ನಾಡಿಯಿಂದಲೇ ಕೇಳಿ ತಿಳಿಯಲಿ.

ಅಂಗಳಕ್ಕೆ ಬರುವ ಅತಿಥಿಗಳನ್ನೂ ಗಮನಿಸಿ. ಬೇಸಿಗೆ ಕೋಗಿಲೆಯ ಕೂಗಿನ ಕಾಲ, ಕಾಗೆ ಗೂಡು ಕಟ್ಟುವ ಕಾಲವೂ ಹೌದು. ಕೋಗಿಲೆಯ ಮೊಟ್ಟೆಗೆ ಕಾಗೆ ಕಾವು ಕೊಡುವ ನಾಟಕ ಮನೆಯೆದುರಿನ ಮರದಲ್ಲೇ ನಡೆಯುತ್ತಿರಬಹುದು. ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಹಕ್ಕಿಗಳಿಗೆ ನೀರಿಟ್ಟು, ಯಾವ ಹಕ್ಕಿ ಎಷ್ಟು ಗಂಟೆಗೆ ಬಂತು ಎಂದು ಬರೆದಿಡಿ. ನೀರನ್ನು ದಿನವೂ ಬದಲಿಸಬೇಕು, ಇಲ್ಲವಾದರೆ ಸೊಳ್ಳೆಯ ಮರಿಗಳು ಹಕ್ಕಿಗಿಂತ ಮೊದಲು ಬರುತ್ತವೆ.

ಮುಂಗಾರಿಗೆ ಮುಂಚಿನ ಮಾವಿನ ಮಳೆ ಬಂದರೆ ಮಳೆಮಾಪಕ ಸಿದ್ಧವಿರಲಿ. ಬಾಯಿ, ತಳ ಒಂದೇ ಅಗಲವಿರುವ ನೆಟ್ಟನೆಯ ಡಬ್ಬಿ, ಒಳಗೆ ಅಳೆಯಲು ಸ್ಕೇಲು, ಅಷ್ಟೇ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 30 ಅಡಿಗೆ 40 ಅಡಿ ತಾರಸಿ ಸುಮಾರು 111 ಚದರ ಮೀಟರ್. ಅದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಚರಂಡಿಗೆ ಹೋದ ನೀರೆಷ್ಟು? ಸಾವಿರದ ನೂರಕ್ಕೂ ಹೆಚ್ಚು ಲೀಟರ್. ಈ ಲೆಕ್ಕ ಮಾಡಿದ ಮಗುವೇ ಮನೆಯಲ್ಲಿ ಮಳೆಕೊಯ್ಲಿನ ಮಾತು ತೆಗೆಯುತ್ತದೆ.

ಭಯಕ್ಕೂ ಉತ್ತರ ಬೇಕು

ಆಟಪಾಟದ ನಡುವೆ ಮರೆಯಬಾರದ ಒಂದು ಮಾತಿದೆ. ಮಕ್ಕಳು ಸುದ್ದಿ ಕೇಳಿಸಿಕೊಳ್ಳುತ್ತಿದ್ದರು. 2021ರ ಬೇಸಿಗೆಯಲ್ಲಿ ಎರಡನೆಯ ಅಲೆ ಬಂದು, ಏಪ್ರಿಲ್ 27ರಿಂದ ರಾಜ್ಯ ಮತ್ತೆ ಮುಚ್ಚಿದಾಗ ಆಂಬುಲೆನ್ಸಿನ ಸದ್ದು, ಬೀದಿಯ ಸಾವು, ಆಮ್ಲಜನಕದ ಕೊರತೆ ಎಲ್ಲವೂ ಅವರ ಕಿವಿಗೆ ಬಿದ್ದವು. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳೂ ಇದ್ದಾರೆ. 'ನಿನಗೇಕೆ ಅದೆಲ್ಲ, ಹೋಗಿ ಆಡಿಕೋ' ಎಂದರೆ ಭಯ ಹೋಗುವುದಿಲ್ಲ, ಒಳಗೆ ಅವಿತುಕೊಳ್ಳುತ್ತದೆ. ತಿಳಿದಷ್ಟನ್ನು ನೇರವಾಗಿ ಹೇಳುವುದು, ತಿಳಿಯದಿದ್ದರೆ ತಿಳಿಯದು ಎನ್ನುವುದು, 'ನಾವು ಜೊತೆಗಿದ್ದೇವೆ' ಎಂದು ಕೈ ಹಿಡಿಯುವುದು ಇಷ್ಟೇ ನಮ್ಮ ಕೈಲಾಗುವುದು.

ಮನೆಯಲ್ಲೇ ಏಕಿರಬೇಕು ಎಂಬ ಪ್ರಶ್ನೆಗೆ ಮಾತ್ರ ಹಳೆಯ ಚೌಕಾಬಾರದ ಮನೆಗಳೇ ಉತ್ತರ ಕೊಡುತ್ತವೆ. ಮೊದಲ ಮನೆಯಲ್ಲಿ ಒಂದು ಜೋಳದ ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಒಬ್ಬ ರೋಗಿ ಇಬ್ಬರಿಗೆ ಅಂಟಿಸಿದಂತೆ. ಹತ್ತನೆಯ ಮನೆಗೆ 512 ಕಾಳು. ಇನ್ನು ಎಣಿಸಿ ಇಡಲು ಆಗದು, ಕಾಗದದ ಮೇಲೆ ಲೆಕ್ಕ ಮಾಡಿ. 25ನೆಯ ಮನೆಗೆ 1,67,77,216 ಕಾಳು ಬೇಕು! ಈಗ ಆಟವನ್ನು ಬದಲಿಸಿ. ಐದನೆಯ ಮನೆಯ 16 ಮಂದಿ ಎಚ್ಚರ ವಹಿಸಿ ಒಬ್ಬೊಬ್ಬರು ಒಬ್ಬರಿಗೆ ಮಾತ್ರ ಅಂಟಿಸಿದರೆ ಮುಂದಿನ ಮನೆಗಳಲ್ಲಿ 16, 16, 16. ಅವರಲ್ಲಿ ಅರ್ಧ ಮಂದಿ ಯಾರಿಗೂ ಅಂಟಿಸದಿದ್ದರೆ 8, 4, 2, 1. ನಿಜವಾದ ರೋಗ ಇಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ, ನಿಜ. ಆದರೂ ತಾನು ಮನೆಯಲ್ಲಿ ಕುಳಿತದ್ದು ಶಿಕ್ಷೆಯಲ್ಲ, ಒಂದು ಕೆಲಸ ಎಂಬುದು ಮಗುವಿಗೆ ಕಾಳುಗಳಿಂದ ತಿಳಿಯುತ್ತದೆ.

ಎಲ್ಲರ ಮನೆಯೂ ಒಂದೇ ಅಲ್ಲ

ಇಷ್ಟೆಲ್ಲ ಬರೆಯುವಾಗ ಒಂದೇ ಕೋಣೆಯಲ್ಲಿ ಆರು ಮಂದಿ ಇರುವ ಮನೆಗಳೂ, ಕೂಲಿ ನಿಂತು ಊರಿಗೆ ನಡೆದುಹೋದ ತಾಯ್ತಂದೆಯರೂ ಕಣ್ಣ ಮುಂದೆ ಬರುತ್ತಾರೆ. ಅಲ್ಲಿಯ ಮಕ್ಕಳಿಗೆ ತಾರಸಿಯಿರಲಿ, ಪಾಠ ಕೇಳಲು ಫೋನೂ ಇರಲಿಲ್ಲ. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ 2ರಿಂದ 6ನೆಯ ತರಗತಿಯ ಸುಮಾರು 16 ಸಾವಿರ ಮಕ್ಕಳನ್ನು ಪರೀಕ್ಷಿಸಿತು. ಹಿಂದಿನ ವರ್ಷ ಇದ್ದ ಒಂದಾದರೂ ಭಾಷಾ ಸಾಮರ್ಥ್ಯವನ್ನು ಶೇಕಡಾ 92 ಮಕ್ಕಳು ಕಳೆದುಕೊಂಡಿದ್ದರು. ಗಣಿತದಲ್ಲಿ ಈ ಪ್ರಮಾಣ ಶೇಕಡಾ 82. ಮುಂದಿನ ಪಾಠ ತಪ್ಪಿದ್ದಷ್ಟೇ ಅಲ್ಲ, ಕಲಿತದ್ದೂ ಕೈಬಿಟ್ಟುಹೋಗಿತ್ತು.

ಮನೆಯ ಆಟಗಳು ಶಾಲೆಗೆ ಬದಲಿಯಲ್ಲ. ಆದರೆ ಎಣಿಸುವ, ಓದಿ ಹೇಳುವ, ಕಂಡದ್ದನ್ನು ಎರಡು ಸಾಲಿನಲ್ಲಿ ಬರೆಯುವ ಅಭ್ಯಾಸಗಳಿಗೆ ತುಕ್ಕು ಹಿಡಿಯದಂತೆ ಅವು ಕಾಯಬಲ್ಲವು. ಇಲ್ಲಿ ಹೇಳಿದ ಹುಣಿಸೆ ಬೀಜ, ಕೋಲು, ಡಬ್ಬಿಗಳಿಗೆ ದುಡ್ಡು ಬೇಕಾಗಿಲ್ಲ. ಬೇಕಾದದ್ದು ಒಬ್ಬ ದೊಡ್ಡವರ ಅರ್ಧ ಗಂಟೆ. ದುಡಿದು ದಣಿದು ಬಂದವರಿಗೆ ಅದೂ ಕಷ್ಟ. ಅಂಥ ಕಡೆ ವಠಾರದ ಒಬ್ಬ ಕಾಲೇಜು ಹುಡುಗಿ, ನಿವೃತ್ತರಾದ ಒಬ್ಬ ತಾತ ಹತ್ತು ಮಕ್ಕಳಿಗೆ ಹಿರಿಯರಾಗಬಹುದು. 2020ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರಿ ಶಾಲೆಗಳು ವಿದ್ಯಾಗಮ ಎಂಬ ಹೆಸರಿನಲ್ಲಿ ಪ್ರಯತ್ನಿಸಿದ್ದೂ ಇದನ್ನೇ. ಮಕ್ಕಳಿದ್ದ ಕಡೆಗೇ ಶಿಕ್ಷಕರು ಹೋದರು. ಗುಡಿಯ ಜಗಲಿ, ಮರದ ನೆರಳು ತರಗತಿಗಳಾದವು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಆದರೂ ದಾರಿ ಸರಿಯಿತ್ತು.

ಪಾಲಕರಿಗೆ ಕೊನೆಯದಾಗಿ ಮೂರು ಮಾತು. ಒಂದು, ಮಗು ಪ್ರಶ್ನೆ ಕೇಳಿದ ಕೂಡಲೇ ಉತ್ತರ ಹೇಳಬೇಡಿ, 'ನಿನಗೇನನ್ನಿಸುತ್ತದೆ?' ಎಂದು ಮರಳಿ ಕೇಳಿ, ಮಾಡಿ ನೋಡಲು ಬಿಡಿ. ಎರಡು, ಎಲ್ಲವನ್ನೂ ಬರೆದಿಡಲು ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳನ್ನು ಹೊಲಿದು ಒಂದು ಪುಸ್ತಕ ಮಾಡಿಕೊಡಿ. ಅದಕ್ಕೆ ಅಂಕ ಹಾಕಬೇಡಿ, ಅಕ್ಷರ ದುಂಡಗಿಲ್ಲವೆಂದು ಗದರಬೇಡಿ. ಮೂರು, ಮಗುವಿಗೆ ಬೇಸರವಾದರೆ ಗಾಬರಿಯಾಗಿ ಕೂಡಲೇ ಫೋನು ಕೊಡಬೇಡಿ. ಸ್ವಲ್ಪ ಹೊತ್ತು ಬೇಸರಪಟ್ಟ ಮಗು ತಾನಾಗಿಯೇ ಏನನ್ನಾದರೂ ಹುಡುಕಿಕೊಳ್ಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಶಾಲೆಗಳು ತೆರೆದು ವರ್ಷಗಳಾಗಿವೆ. ಬೇಸಿಗೆ ಶಿಬಿರಗಳ ಬಣ್ಣದ ಜಾಹೀರಾತುಗಳೂ ಮರಳಿವೆ. ಅನುಕೂಲವಿದ್ದವರು ಕಳಿಸಲಿ, ತಪ್ಪಿಲ್ಲ. ಅಜ್ಜಿಯ ಊರಿಗಂತೂ ಖಂಡಿತ ಕಳಿಸಿ. ಹೋಗುವಾಗ ಮಗುವಿನ ಚೀಲದಲ್ಲಿ ನಾಲ್ಕು ಹುಣಿಸೆ ಬೀಜ, ಒಂದು ಸ್ಕೇಲು, ಆ ಹೊಲಿದ ಪುಸ್ತಕ ಇರಲಿ. ಏಪ್ರಿಲ್ ಕೊನೆಯ ವಾರ ನಡುಹಗಲಿಗೆ ಕೋಲು ನೆಟ್ಟು ಕುಳಿತ ಮಗು ಕರೆದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಎರಡು ನಿಮಿಷ ಹೊರಗೆ ಬನ್ನಿ. ನೆರಳು ಮಾಯವಾಗುವ ಗಳಿಗೆ ನಮಗಾಗಿ ಕಾಯುವುದಿಲ್ಲ.